ಅದೇ ಗೇಮು, ಬೇರೆ ಡಬ್ಬಿ: ಹಳೇ ಪ್ಲಾಟ್‌ಫಾರ್ಮರ್‌ಗಳನ್ನ ಯಾವ ಕನ್ಸೋಲಲ್ಲಿ ಆಡೋದು?

ಕುಣಿಯೋಕೆ ಬಾರ್ದೋಳು ನೆಲ ಡೊಂಕು ಅಂದ್ಳು ಅಂತ ಗಾದೆ ಇದ್ಯಲ್ಲ, ಅದನ್ನ ನಮ್ಮಣ್ಣ ನನಗೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕ ಇಲ್ಲ. ಪಿಎಸ್2 (ಪ್ಲೇಸ್ಟೇಷನ್ 2) ಮುಂದೆ ಕೂತು ಸೋನಿಕ್ ಹೀರೋಸ್ ಆಡೋದು, ಹಳ್ಳಕ್ಕೆ ಬೀಳೋದು, "ಒತ್ತಿದೆ ಅಣ್ಣಾ, ಅದೇ ಹಾರ್ಲಿಲ್ಲ" ಅಂತ ನಾನು ಅಳೋದು, ಅವನು ಗಾದೆ ಹೇಳಿ ಕಂಟ್ರೋಲರ್ ಕಿತ್ಕೊಳ್ಳೋದು. ಆಮೇಲೆ ಎಷ್ಟೋ ವರ್ಷ ಆದ್ಮೇಲೆ ಚಿಕ್ಕಪ್ಪನ ಮಗ ಹೊರದೇಶದಿಂದ ಬರ್ತಾ ನಿಂಟೆಂಡೋ ಕಂಪ್ನಿಯ ಒಂದು ಹಳೇ ಗೇಮ್‌ಕ್ಯೂಬ್ ಕನ್ಸೋಲ್ ತಂದಿದ್ದ, ಅದರಲ್ಲಿ ಅದೇ ಸೋನಿಕ್ ಹೀರೋಸ್ ಹಾಕಿ ಮೊದಲನೇ ಲೆವೆಲ್ ಆಡಿದಾಗ ಕೈಗೆ ಏನೋ ಬೇರೆ ಥರ ಅನ್ನಿಸ್ತು, ಒತ್ತಿದ ತಕ್ಷಣ ಹಾರತ್ತೆ, ತಿರುಗಿಸಿದ ಕಡೆ ತಿರುಗತ್ತೆ. ನಾನೇನೂ ದೊಡ್ಡ ಆಟಗಾರ ಅಲ್ಲ, ಅವತ್ತೂ ಹಳ್ಳಕ್ಕೆ ಬಿದ್ದೆ, ಆದ್ರೆ ಕಮ್ಮಿ ಸಲ ಬಿದ್ದೆ. ಆಮೇಲೆ ಗೊತ್ತಾಗಿದ್ದು ಏನಪ್ಪಾ ಅಂದ್ರೆ ಗೇಮ್‌ಕ್ಯೂಬ್ ಮತ್ತೆ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸಲ್ಲಿ ಆ ಗೇಮು ಸೆಕೆಂಡಿಗೆ 60 ಫ್ರೇಮ್, ಅಂದ್ರೆ 60 ಚಿತ್ರ, ಓಡತ್ತೆ, ಪಿಎಸ್2ನಲ್ಲಿ 30. ಅಂದ್ರೆ ನೆಲ ನಿಜವಾಗ್ಲೂ ಸ್ವಲ್ಪ ಡೊಂಕೇ ಇತ್ತು.

ಈಗ ಹಳೇ ಕನ್ಸೋಲ್ ತಗೋಬೇಕು, ಚಿಕ್ಕಂದಿನಲ್ಲಿ ಆಡಿದ್ದ, ಆಡೋಕಾಗದೇ ಹೋಗಿದ್ದ ಹಾರೋ-ಓಡೋ ಗೇಮ್‌ಗಳನ್ನೆಲ್ಲ (ಇವನ್ನೇ ಪ್ಲಾಟ್‌ಫಾರ್ಮರ್ ಅನ್ನೋದು) ಆಡ್ಬೇಕು ಅಂತ ಹೊರಟೋರಿಗೆ ಬರೋ ಮೊದಲನೇ ಗೊಂದಲ ಇದೇನೇ. ರೇಮನ್ 3 ಪಿಎಸ್2ನಲ್ಲೂ ಇದೆ, ಗೇಮ್‌ಕ್ಯೂಬಲ್ಲೂ ಇದೆ, ಎಕ್ಸ್‌ಬಾಕ್ಸಲ್ಲೂ ಇದೆ. ಪ್ರಿನ್ಸ್ ಆಫ್ ಪರ್ಶಿಯಾ ಸ್ಯಾಂಡ್ಸ್ ಆಫ್ ಟೈಮ್ ಹಾಗೇ. ಸ್ಪಾಂಜ್‌ಬಾಬ್ ಹಾಗೇ, ಟೈ ದ ಟಾಸ್ಮೇನಿಯನ್ ಟೈಗರ್ ಹಾಗೇ. ಯಾವುದರಲ್ಲಿ ಆಡೋದು? ಸಾಮಾನ್ಯವಾಗಿ ಸಿಗೋ ಉತ್ತರ "ಎಕ್ಸ್‌ಬಾಕ್ಸ್ ಪವರ್‌ಫುಲ್, ಅದರಲ್ಲೇ ಆಡಿ" ಅಂತ. ಅದು ಅರ್ಧ ಸರಿ. ರೇಸಿಂಗ್ ಗೇಮಿಗೋ, ಪಾತ್ರ ಬೆಳೆಸ್ಕೊಂಡು ಕಥೆ ಆಡೋ ಆರ್‌ಪಿಜಿಗೋ ಆದ್ರೆ ಆ ಉತ್ತರಾನೇ ಸಾಕು, ಪ್ಲಾಟ್‌ಫಾರ್ಮರ್‌ಗೆ ಸಾಕಾಗಲ್ಲ. ಯಾಕಂದ್ರೆ ಇಲ್ಲಿ ನೀವು ಮಾಡೋದು ಎರಡೇ ಕೆಲಸ, ಹಾರೋದು ಮತ್ತೆ ಸಾಯೋದು. ಹಾಗಾಗಿ ನಾನು ನೋಡೋದೂ ಎರಡೇ. ಬಟನ್ ಒತ್ತಿದ್ದಕ್ಕೂ ಕಾಲು ನೆಲ ಬಿಡೋದಕ್ಕೂ ಮಧ್ಯೆ ಎಷ್ಟು ಹೊತ್ತು, ಸತ್ತ ಮೇಲೆ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲೋಕೆ ಎಷ್ಟು ಹೊತ್ತು. ಸ್ಕ್ರೀನ್‌ಶಾಟಲ್ಲಿ ನೀರು ಎಷ್ಟು ಹೊಳೀತಿದೆ ಅನ್ನೋದನ್ನ ಆಮೇಲೆ ನೋಡಿದ್ರಾಯ್ತು.

ಮೊದಲನೇದರ ಲೆಕ್ಕ ಸುಲಭ. 60 ಫ್ರೇಮ್ ಓಡೋ ಗೇಮಲ್ಲಿ ಒಂದು ಚಿತ್ರ ಪರದೆ ಮೇಲೆ ಇರೋದು ಸುಮಾರು 16.7 ಮಿಲಿಸೆಕೆಂಡ್, 30 ಫ್ರೇಮಲ್ಲಿ 33.3. ಎಷ್ಟೋ ಹಳೇ ಗೇಮ್‌ಗಳು ಕಂಟ್ರೋಲರ್‌ನ ಕೇಳೋದೂ ಅದೇ ತಾಳದಲ್ಲಿ, ಫ್ರೇಮಿಗೊಂದು ಸಲ "ಏನಾದ್ರೂ ಒತ್ತಿದ್ಯೇನಪ್ಪಾ" ಅಂತ ಕೇಳತ್ತೆ, ಆಮೇಲೆ ಲೆಕ್ಕ ಹಾಕತ್ತೆ, ಆಮೇಲೆ ಚಿತ್ರ ಬರೀತದೆ, ಆ ಮೂರೂ ಹಂತ ಸೇರಿದ್ರೆ ಎರಡು ಮೂರು ಫ್ರೇಮ್ ಆಗೋಗತ್ತೆ. 60ರಲ್ಲಿ ಮೂರು ಫ್ರೇಮ್ ಅಂದ್ರೆ 50 ಮಿಲಿಸೆಕೆಂಡ್, 30ರಲ್ಲಿ ಅದೇ ಮೂರು ಫ್ರೇಮ್ 100 ಮಿಲಿಸೆಕೆಂಡ್. ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ನಿಧಾನಕ್ಕೆ ನಡೆಯೋ ಗೇಮಲ್ಲಿ ಇದು ಗೊತ್ತೂ ಆಗಲ್ಲ, ಆದ್ರೆ ಸೋನಿಕ್ ಥರ ಬಾಣದ ಹಾಗೆ ಹೋಗ್ತಿರೋ ಗೊಂಬೆ ಅಷ್ಟರಲ್ಲಿ ಅಂಚು ದಾಟಿ ಗಾಳೀಲಿರತ್ತೆ. ಒಳ್ಳೇ ಡಿಸೈನರ್‌ಗಳಿಗೆ ಇದು ಗೊತ್ತಿರೋದ್ರಿಂದ ಕೆಲವು ಗೇಮ್‌ಗಳಲ್ಲಿ ಅಂಚು ದಾಟಿದ ಮೇಲೂ ಒಂದೆರಡು ಫ್ರೇಮ್ ಹಾರೋಕೆ ಬಿಡ್ತಾರೆ, ಅದು ಆಟಗಾರನ ಮೇಲಿನ ಕರುಣೆ. ಆ ಕರುಣೆಯ ಅಳತೇನ ಒಂದು ಮಷಿನ್ನಿಗೆ ಅಂತ ಇಟ್ಟು, ಆಮೇಲೆ ಇನ್ನೊಂದು ಮಷಿನ್ನಿಗೆ ಎತ್ತಿ ಹಾಕಿದ್ರೆ ಲೆಕ್ಕ ತಪ್ಪತ್ತೆ.

ಹಾಗಾದ್ರೆ ಪಿಎಸ್2 ಕೆಟ್ಟ ಮಷಿನ್ನಾ? ಅಲ್ಲ, ಖಂಡಿತ ಅಲ್ಲ, ಇಲ್ಲೇ ಬಹಳ ಜನ ಎಡವೋದು. 2001ರಲ್ಲಿ ಬಂದ ಜಾಕ್ ಅಂಡ್ ಡ್ಯಾಕ್ಸ್‌ಟರ್ ಪಿಎಸ್2ನಲ್ಲೇ 60 ಫ್ರೇಮ್ ಓಡತ್ತೆ, ಊರಿಂದ ಕಾಡಿಗೆ ಕಾಡಿಂದ ಸಮುದ್ರದ ದಂಡೆಗೆ ನಡ್ಕೊಂಡು ಹೋದ್ರೂ ಲೋಡಿಂಗ್ ಪರದೆ ಅಂತ ಒಂದು ಬರಲ್ಲ. ರ‍್ಯಾಚೆಟ್ ಅಂಡ್ ಕ್ಲ್ಯಾಂಕ್ ಕೂಡ 60. ಅದೇ ಡಬ್ಬಿ, ಅದೇ ಚಿಪ್ಪು. ವ್ಯತ್ಯಾಸ ಏನು ಅಂದ್ರೆ ಅವು ಪಿಎಸ್2ಗೆ ಅಂತಾನೇ ಹುಟ್ಟಿದ ಗೇಮ್‌ಗಳು.

ಸ್ವಲ್ಪ ಒಳಗೆ ಇಣುಕಿ ನೋಡೋಣ, ಬೋರ್ ಆದ್ರೆ ಮುಂದಿನ ಪ್ಯಾರಾಗೆ ಹಾರಿ, ಪ್ಲಾಟ್‌ಫಾರ್ಮರ್ ಆಡೋರಿಗೆ ಹಾರೋದು ಕಷ್ಟ ಏನಲ್ಲ. ಪಿಎಸ್2 ಜಪಾನಲ್ಲಿ ಬಂದಿದ್ದು 2000ದ ಮಾರ್ಚಲ್ಲಿ, ಸುಮಾರು 295 ಮೆಗಾಹರ್ಟ್ಸ್ ಪ್ರೊಸೆಸರ್, 32 ಎಂಬಿ ಮೆಮೊರಿ, ಗ್ರಾಫಿಕ್ಸ್ ಚಿಪ್ಪಿಗೆ ಬರೀ 4 ಎಂಬಿ. ನಾಲ್ಕೇ. ಅದರಲ್ಲೂ ಅರ್ಧಕ್ಕರ್ಧ ಪರದೆ ಚಿತ್ರ ಇಟ್ಕೊಳ್ಳೋಕೇ ಹೋಗತ್ತೆ, ಉಳಿದಿದ್ದರಲ್ಲಿ ಹುಲ್ಲು ಕಲ್ಲು ಮರ ಎಲ್ಲದರ ಬಣ್ಣ. ಇದು ಹೇಗೆ ಅಂದ್ರೆ ಅಡುಗೆಮನೇಲಿ ಕಟ್ಟೆ ಒಂದು ಗೇಣು ಅಗಲ ಅಷ್ಟೆ, ಆದ್ರೆ ಉಗ್ರಾಣದಿಂದ ಸಾಮಾನು ತಂದ್ಕೊಡೋರು ಭಯಂಕರ ಚುರುಕು. ತೆಗಿ, ಹೆಚ್ಚು, ಹಾಕು, ವಾಪಸ್ ಇಡು, ಮುಂದಿನದು ತಗೋ, ಹೀಗೆ ಒಂದು ಲಯ ಕಟ್ಕೊಂಡ ಅಡುಗೆಭಟ್ಟರು ಅದೇ ಕಟ್ಟೇಲಿ ಮದುವೆ ಊಟ ಮಾಡ್ತಾರೆ, ಅದರ ಜೊತೆಗೆ ಎರಡು ವೆಕ್ಟರ್ ಯೂನಿಟ್ ಅಂತ ಲೆಕ್ಕ ಹಾಕೋ ಭಾಗಗಳು ಪಕ್ಕದಲ್ಲಿ ಇರ್ತವೆ, ಅವನ್ನ ಕೈಯಾರೆ ಪ್ರೋಗ್ರಾಂ ಮಾಡಿ ಪಳಗಿಸ್ಬೇಕು. ಗೇಮ್‌ಕ್ಯೂಬ್ (2001ರ ಸೆಪ್ಟೆಂಬರ್, ಜಪಾನ್) ಕಟ್ಟೆ ಹದವಾಗಿದೆ, 485 ಮೆಗಾಹರ್ಟ್ಸ್‌ನ ಐಬಿಎಂ ಚಿಪ್ಪು, 24 ಎಂಬಿ ಬಹಳ ವೇಗದ ಮೆಮೊರಿ, ಜೊತೆಗೆ 16 ಎಂಬಿ ನಿಧಾನದ್ದು. ಎಕ್ಸ್‌ಬಾಕ್ಸ್ (2001ರ ನವೆಂಬರ್, ಅಮೆರಿಕ) ಅಂತೂ ಹೆಚ್ಚುಕಮ್ಮಿ ಒಂದು ಕಂಪ್ಯೂಟರೇ, 733 ಮೆಗಾಹರ್ಟ್ಸ್ ಇಂಟೆಲ್ ಪ್ರೊಸೆಸರ್, 64 ಎಂಬಿ, ಒಳಗೊಂದು ಹಾರ್ಡ್‌ಡಿಸ್ಕ್.

ಈಗ ಒಂದು ಸ್ಟುಡಿಯೋ ಮೂರೂ ಕನ್ಸೋಲಿಗೆ ಒಟ್ಟಿಗೆ ಗೇಮ್ ಮಾಡ್ಬೇಕು ಅಂದ್ಕೊಳ್ಳಿ. ಆ ಕಾಲದಲ್ಲಿ ರೆಂಡರ್‌ವೇರ್ ಅಂತ ಒಂದು ರೆಡಿ ಎಂಜಿನ್, ಅಂದ್ರೆ ಗೇಮ್ ಕಟ್ಟೋ ಸಾಫ್ಟ್‌ವೇರ್, ಸಿಗ್ತಿತ್ತು, ಒಂದು ಸಲ ಬರೆದ್ರೆ ಮೂರೂ ಕಡೆ ಓಡಿಸ್ಬಹುದು. ಸೋನಿಕ್ ಹೀರೋಸ್ ಮಾಡಿದ್ದೂ ಅದರಲ್ಲೇ. ಓಡತ್ತೆ, ನಿಜ, ಆದ್ರೆ ಪಿಎಸ್2ನ ಆ ವಿಚಿತ್ರ ಲಯಕ್ಕೆ ತಕ್ಕ ಹಾಗೆ ಕೂತು ತಿದ್ದೋಕೆ ಟೈಮೂ ಬೇಕು, ಜನಾನೂ ಬೇಕು, ಬಿಡುಗಡೆ ದಿನ ಹತ್ರ ಬಂದಾಗ ಇರೋ ಸುಲಭದ ದಾರಿ ಫ್ರೇಮ್ ರೇಟ್ ಅರ್ಧಕ್ಕೆ ಇಳಿಸೋದು. ಅದಕ್ಕೇ ನಾನು ಯಾವ ಗೇಮ್ ಬಗ್ಗೆ ಕೇಳಿದ್ರೂ ಮೊದಲು ಕೇಳೋದು ಇದರ ತವರುಮನೆ ಯಾವುದು ಅಂತ. ಮೊದಲು ಯಾವ ಮಷಿನ್ ಮುಂದೆ ಕೂತು ಇದನ್ನ ಕಟ್ಟಿದ್ರು? ಅಲ್ಲಿಂದ ಬೇರೆ ಕಡೆಗೆ ಕಳಿಸಿದ್ದು ಯಾರು, ಅದೇ ಟೀಮಾ ಅಥವಾ ಹೊರಗಡೆ ಯಾರಿಗೋ ಕೊಟ್ರಾ?

ಸೈಕೋನಾಟ್ಸ್ ಇದಕ್ಕೆ ಒಳ್ಳೇ ಉದಾಹರಣೆ. ಡಬಲ್ ಫೈನ್ ಅನ್ನೋ ಸ್ಟುಡಿಯೋ ಅದನ್ನ ಎಕ್ಸ್‌ಬಾಕ್ಸ್ ತಲೇಲಿಟ್ಕೊಂಡು ಮಾಡಿದ್ದು, 2005ರಲ್ಲಿ ಬಂತು. ಅದೇ ವರ್ಷ ಪಿಎಸ್2ಗೂ ಬಂತು, ಆದ್ರೆ ಆ ಪೋರ್ಟ್, ಅಂದ್ರೆ ಇನ್ನೊಂದು ಮಷಿನ್ನಿಗೆ ಹೊಂದಿಸೋ ಕೆಲಸ, ಮಾಡಿದ್ದು ಬೇರೆ ಸ್ಟುಡಿಯೋ. 64 ಎಂಬಿಯ ಮನೇಲಿ ಹರಡ್ಕೊಂಡಿದ್ದ ಸಾಮಾನನ್ನ 32ರ ಮನೆಗೆ ತುಂಬೋದು ಅಂದ್ರೆ ಏನಾಗತ್ತೆ ಗೊತ್ತಲ್ಲ, ಪದೇ ಪದೇ ಲೋಡಿಂಗ್. ಗೇಮ್ ಒಳಗಿನ ತಮಾಷೆ, ಕಥೆ, ಲೆವೆಲ್‌ಗಳು ಅವೇ, ಪಿಎಸ್2 ಮಾತ್ರ ಇದ್ರೆ ಆಡ್ಬೇಡಿ ಅಂತ ಹೇಳ್ತಿಲ್ಲ, ಆಯ್ಕೆ ಇದ್ರೆ ಎಕ್ಸ್‌ಬಾಕ್ಸ್. ಇದೇ ಸೂತ್ರ ತಿರುಗಿಸಿದ್ರೂ ನಿಜ: ವ್ಯೂಟಿಫುಲ್ ಜೋ 2003ರಲ್ಲಿ ಗೇಮ್‌ಕ್ಯೂಬಿಗೆ ಅಂತ ಹುಟ್ಟಿದ್ದು, ಮುಂದಿನ ವರ್ಷ ಪಿಎಸ್2ಗೆ ಹೋಯ್ತು. ಆದ್ರೆ ಇಲ್ಲಿ ತವರು ಬಿಟ್ಟು ಹೋದೋಳಿಗೆ ಒಡವೆ ಜಾಸ್ತಿ ಸಿಕ್ತು, ಪಿಎಸ್2 ವರ್ಷನ್ನಲ್ಲಿ ಡೆವಿಲ್ ಮೇ ಕ್ರೈ ಹೀರೋ ಡಾಂಟೆಯಾಗಿ ಆಡ್ಬಹುದು, ಗೇಮ್‌ಕ್ಯೂಬಲ್ಲಿ ಅದಿಲ್ಲ. ಹೀಗೆ ತಡವಾಗಿ ಬಂದಿದ್ದರಲ್ಲಿ ಏನಾದ್ರೂ ಎಕ್ಸ್‌ಟ್ರಾ ಸೇರ್ಸೋ ಚಾಳಿ ಇತ್ತು. ಸೋನಿಕ್ ಮೆಗಾ ಕಲೆಕ್ಷನ್ 2002ರಲ್ಲಿ ಗೇಮ್‌ಕ್ಯೂಬಿಗೆ ಮಾತ್ರ ಬಂತು, 2004ರಲ್ಲಿ ಪ್ಲಸ್ ಅಂತ ಬಾಲ ಸೇರಿಸ್ಕೊಂಡು, ಸೆಗಾದ ಕೈಲಿ ಹಿಡ್ಕೊಂಡು ಆಡೋ ಕನ್ಸೋಲ್ ಗೇಮ್ ಗಿಯರ್‌ನ ಆಟಗಳನ್ನೂ ತುಂಬ್ಕೊಂಡು ಪಿಎಸ್2 ಮತ್ತೆ ಎಕ್ಸ್‌ಬಾಕ್ಸಿಗೆ ಬಂತು.

ಈಗ ಸಾಯೋ ವಿಷಯ. ಪ್ಲಾಟ್‌ಫಾರ್ಮರಲ್ಲಿ ಒಂದು ಕಷ್ಟದ ಜಾಗ ದಾಟೋಕೆ ಇಪ್ಪತ್ತು ಸಲ ಸಾಯ್ತೀವಿ, ಇದು ಮಾಮೂಲು. ಲೆವೆಲ್ ಶುರುವಿಗೋ ಮ್ಯಾಪಿಗೋ ವಾಪಸ್ ಹೋಗಿ ಬರೋಕೆ ಪ್ರತೀ ಸಲ ಅರ್ಧ ನಿಮಿಷ ಕಾಯ್ಬೇಕು ಅಂದ್ರೆ ಹತ್ತು ನಿಮಿಷ ಬರೀ ಕಪ್ಪು ಪರದೆ ನೋಡೋದಾಯ್ತು, ಅಷ್ಟರಲ್ಲಿ ಕೈಯಲ್ಲಿದ್ದ ಹದಾನೂ ಹೋಗಿರತ್ತೆ. ಲೋಡಿಂಗಿಗೆ ಬೈಸ್ಕೊಂಡ ಗೇಮ್ ಅಂದ್ರೆ ಕ್ರ‍್ಯಾಶ್ ಬ್ಯಾಂಡಿಕೂಟ್ ದ ರ‍್ಯಾತ್ ಆಫ್ ಕಾರ್ಟೆಕ್ಸ್. 2001ರಲ್ಲಿ ಪಿಎಸ್2ಗೆ ಬಂದಾಗ ಎಲ್ರೂ ಅದಕ್ಕೆ ಉಗಿದಿದ್ದು ಇದೇ ಕಾರಣಕ್ಕೆ, ಲೆವೆಲ್ ಒಳಗೆ ಹೋಗೋಕೆ ಕಾಯಿ, ಹೊರಗೆ ಬರೋಕೂ ಕಾಯಿ. 2002ರಲ್ಲಿ ಎಕ್ಸ್‌ಬಾಕ್ಸಿಗೂ ಗೇಮ್‌ಕ್ಯೂಬಿಗೂ ಬಂದಾಗ ಆ ಕಾಯೋದು ಕಮ್ಮಿ ಆಗಿತ್ತು. ಮಜಾ ಏನಂದ್ರೆ ಪಿಎಸ್2ನಲ್ಲೇ ಆಮೇಲೆ ಅಮೆರಿಕದಲ್ಲಿ ಗ್ರೇಟೆಸ್ಟ್ ಹಿಟ್ಸ್ ಅಂತ ಕಮ್ಮಿ ಬೆಲೆಗೆ ಮತ್ತೆ ಅಚ್ಚು ಹಾಕಿದ್ರಲ್ಲ, ಆ ಡಿಸ್ಕಲ್ಲಿ ಲೋಡಿಂಗ್ ಸರಿಮಾಡಿದ್ರು. ಅಂದ್ರೆ ಕನ್ಸೋಲ್ ಆರಿಸಿದ್ರೆ ಕೆಲಸ ಮುಗೀತು ಅಂತಲ್ಲ, ಅದೇ ಕನ್ಸೋಲಲ್ಲಿ ಯಾವ ಡಿಸ್ಕು ಅನ್ನೋದೂ ಲೆಕ್ಕಕ್ಕೆ ಬರತ್ತೆ, ಕಲೆಕ್ಟರ್‌ಗಳು ಹುಡ್ಕೋ ಮೊದಲನೇ ಅಚ್ಚಿಗಿಂತ ಮೂಲೇಲಿ ಬಿದ್ದಿರೋ ಅಗ್ಗದ ಅಚ್ಚೇ ಆಡೋಕೆ ವಾಸಿ.

ಎಕ್ಸ್‌ಬಾಕ್ಸ್ ಲೋಡಿಂಗಲ್ಲಿ ಮುಂದೆ ಇರೋಕೆ ಕಾರಣ ಆ ಹಾರ್ಡ್‌ಡಿಸ್ಕು. ಡಿವಿಡಿಯಿಂದ ಒಂದು ಸಲ ಓದಿದ್ದನ್ನ ಗೇಮು ಹಾರ್ಡ್‌ಡಿಸ್ಕಲ್ಲಿ ಬಚ್ಚಿಟ್ಕೋಬಹುದು, ಮತ್ತೆ ಬೇಕಾದಾಗ ಅಲ್ಲಿಂದ ತಗೋಬಹುದು. 2003ರ ಸ್ಪಾಂಜ್‌ಬಾಬ್ ಬ್ಯಾಟಲ್ ಫಾರ್ ಬಿಕಿನಿ ಬಾಟಂ ಗೇಮನ್ನ ಗಡಿಯಾರ ಇಟ್ಕೊಂಡು ಎಷ್ಟು ಬೇಗ ಮುಗಿಸ್ತೀನಿ ಅಂತ ಪೈಪೋಟಿ ಮೇಲೆ ಆಡೋ ಜನ ಇದಾರೆ, ಅವರು ಎಕ್ಸ್‌ಬಾಕ್ಸನ್ನ ಇಷ್ಟಪಡೋದು ಈ ಲೋಡಿಂಗ್ ವೇಗಕ್ಕೇ. ಇಂಥ ಸ್ಪೀಡ್‌ರನ್ ಮಾಡೋರ ಅಭಿಪ್ರಾಯ ನನಗೆ ವಿಮರ್ಶಕರ ಮಾತಿಗಿಂತ ಹೆಚ್ಚು, ಯಾಕಂದ್ರೆ ಅವರು ಅದೇ ಗೇಮನ್ನ ಸಾವಿರ ಸಲ ಆಡಿರ್ತಾರೆ, ಯಾವ ಮಷಿನ್ ಎಲ್ಲಿ ಎಷ್ಟು ಸೆಕೆಂಡ್ ತಿನ್ನತ್ತೆ ಅಂತ ಅವರಿಗೆ ಬಾಯಿಪಾಠ.

ಗೇಮ್‌ಕ್ಯೂಬ್ ಡಿಸ್ಕ್ ಪುಟಾಣಿ, 8 ಸೆಂಟಿಮೀಟರ್, 1.5 ಜಿಬಿ ಹಿಡಿಯತ್ತೆ, ಪಿಎಸ್2 ಡಿವಿಡಿ 4.7 ಜಿಬಿ. ಹಾಗಾಗಿ ಮಧ್ಯೆ ಬರೋ ಸಿನಿಮಾ ತುಣುಕುಗಳನ್ನ ಗೇಮ್‌ಕ್ಯೂಬಲ್ಲಿ ಹಿಂಡಿ ಹಿಂಡಿ ಹಾಕ್ಬೇಕಾಗ್ತಿತ್ತು, ಸ್ವಲ್ಪ ಮಸುಕು ಕಾಣ್ಬಹುದು. ಪ್ಲಾಟ್‌ಫಾರ್ಮರ್‌ಗೆ ಇದು ದೊಡ್ಡ ವಿಷಯ ಅಲ್ಲ ಬಿಡಿ.

ಕೈಯ ವಿಷಯ ದೊಡ್ಡದು. ಗೇಮ್‌ಕ್ಯೂಬ್ ಕಂಟ್ರೋಲರ್ ನೋಡೋಕೆ ಮಕ್ಕಳಾಟಿಕೆ ಥರ ಇದೆ, ಆದ್ರೆ ಸ್ಟಿಕ್ ಸುತ್ತ ಇರೋ ಚೌಕಟ್ಟು ರೌಂಡ್ ಅಲ್ಲ, ಎಂಟು ಮೂಲೆ. ಸ್ಟಿಕ್ಕನ್ನ ತಳ್ಳಿದ್ರೆ ನೇರವಾಗಿ ಮೇಲೆ, ನೇರವಾಗಿ ಓರೆ, ಹೀಗೆ ಆ ಮೂಲೇಲಿ ಹೋಗಿ ಕೂರತ್ತೆ, ಸಣ್ಣ ಹಲಗೆ ಮೇಲೆ ನೇರವಾಗಿ ಓಡ್ಬೇಕಾದ 3ಡಿ ಗೇಮಲ್ಲಿ ಇದರ ಸುಖ ಆಡಿದೋರಿಗೇ ಗೊತ್ತು. ದೊಡ್ಡ ಎ ಬಟನ್ನು ಹೆಬ್ಬೆರಳಿನ ಕೆಳಗೇ ಇರತ್ತೆ, ಹಾರೋಕೆ ಅದಕ್ಕಿಂತ ಒಳ್ಳೇ ಬಟನ್ ಯಾರೂ ಮಾಡಿಲ್ಲ ಅಂತ ನನ್ನ ಅಭಿಪ್ರಾಯ. ಆದ್ರೆ ಅದರ ಡಿ-ಪ್ಯಾಡ್, ಅಂದ್ರೆ ನಾಲ್ಕು ದಿಕ್ಕಿನ ಬಟನ್, ಇದ್ಯಲ್ಲ, ಕಡ್ಲೆಕಾಯಿ ಬೀಜದಷ್ಟು. 2ಡಿ ಗೇಮ್‌ಗಳನ್ನ ಅದರಲ್ಲಿ ಒಂದು ಗಂಟೆ ಆಡಿದ್ರೆ ಹೆಬ್ಬೆರಳು ಕೆಂಪಾಗತ್ತೆ. 2ಡಿಗೆ ಪಿಎಸ್2ನ ಡ್ಯುಯಲ್‌ಶಾಕ್ 2 ಡಿ-ಪ್ಯಾಡೇ ಮೇಲು, ಎಕ್ಸ್‌ಬಾಕ್ಸ್ ಮೊದಲನೇ ಕಂಟ್ರೋಲರ್ ಅಂತೂ ಹಲಸಿನ ಹಣ್ಣಿನ ಥರ, ಅಷ್ಟು ದಪ್ಪ, ಆಮೇಲೆ ಬಂದ ಚಿಕ್ಕದು ಪರವಾಗಿಲ್ಲ.

ಕೈ ವಿಷಯದಲ್ಲಿ ಎಂಥ ಸಣ್ಣ ತಪ್ಪು ಇಡೀ ಗೇಮನ್ನ ಹಾಳು ಮಾಡತ್ತೆ ಅನ್ನೋದಕ್ಕೆ ಮೆಗಾ ಮ್ಯಾನ್ ಆನಿವರ್ಸರಿ ಕಲೆಕ್ಷನ್ ನೋಡಿ, 2004. ಅವೇ ಹಳೇ ಮೆಗಾ ಮ್ಯಾನ್ ಗೇಮ್‌ಗಳು, ಪಿಎಸ್2ಗೂ ಗೇಮ್‌ಕ್ಯೂಬಿಗೂ ಒಟ್ಟಿಗೆ ಬಂತು. ನಿಂಟೆಂಡೋದ ಹಳೇ ಎನ್ಇಎಸ್ ಕನ್ಸೋಲಲ್ಲಿ ಎ ಒತ್ತಿದ್ರೆ ಹಾರೋದು, ಬಿ ಒತ್ತಿದ್ರೆ ಗುಂಡು. ಗೇಮ್‌ಕ್ಯೂಬ್ ವರ್ಷನ್ನಲ್ಲಿ ಅದನ್ನ ಅದಲುಬದಲು ಮಾಡಿಟ್ರು, ಎ ಗುಂಡು, ಬಿ ಹಾರೋದು. ಸರಿ, ಆಪ್ಷನ್ಸ್‌ಗೆ ಹೋಗಿ ಬದಲಾಯಿಸ್ಕೊಳ್ಳೋಣ ಅಂದ್ರೆ ಅದಕ್ಕೂ ದಾರಿ ಇಟ್ಟಿಲ್ಲ. ಮೆಗಾ ಮ್ಯಾನ್ ಅಂದ್ರೇನೇ ಹಾರ್ತಾ ಹಾರ್ತಾ ಹೊಡೆಯೋದು, ಹತ್ತಾರು ವರ್ಷದಿಂದ ಬೆರಳಿಗೆ ಅಂಟಿರೋ ಅಭ್ಯಾಸ, ಅದನ್ನ ತಲೆಕೆಳಗು ಮಾಡಿದ್ರೆ ಬಲಗೈಯವನಿಗೆ ಎಡಗೈಲಿ ಊಟ ಮಾಡು ಅಂದ ಹಾಗೆ. ಹಾರ್ಡ್‌ವೇರ್ ಲೆಕ್ಕದಲ್ಲಿ ಗೇಮ್‌ಕ್ಯೂಬ್ ಮುಂದಿದೆ, ಆದ್ರೆ ಈ ಒಂದು ಡಿಸ್ಕಿಗೆ ಪಿಎಸ್2ನೇ ಸರಿ, ಎರಡು ಮಾತಿಲ್ಲ.

ಇನ್ನೂ ಹಿಂದಕ್ಕೆ, 16 ಬಿಟ್ ಕಾಲಕ್ಕೆ ಹೋದ್ರೆ ಸಮಸ್ಯೆ ಬೇರೇನೇ ಆಗತ್ತೆ. ಅಲ್ಲಿ ಒಂದೇ ಹೆಸರಿನ ಎರಡು ಗೇಮು ಒಂದೇ ಗೇಮ್ ಆಗಿರಬೇಕು ಅಂತೇನೂ ಇಲ್ಲ. 1993ರ ಅಲ್ಲಾದ್ದೀನ್ ತಗೊಳ್ಳಿ. ಸೆಗಾ ಮೆಗಾ ಡ್ರೈವಿಗೆ ಮಾಡಿದ್ದು ವರ್ಜಿನ್ ಕಂಪ್ನಿಯ ಡೇವಿಡ್ ಪೆರಿ ಟೀಮು, ಡಿಸ್ನಿಯ ಚಿತ್ರಗಾರರೇ ಕೂತು ಕೈಯಲ್ಲಿ ಬಿಡಿಸಿದ ಅನಿಮೇಷನ್, ಅಲ್ಲಾದ್ದೀನ್ ಕೈಲಿ ಕತ್ತಿ ಇರತ್ತೆ. ಸೂಪರ್ ನಿಂಟೆಂಡೋಗೆ ಮಾಡಿದ್ದು ಕ್ಯಾಪ್‌ಕಾಂ, ಆಮೇಲೆ ರೆಸಿಡೆಂಟ್ ಈವಿಲ್ ಮಾಡಿದ ಶಿಂಜಿ ಮಿಕಾಮಿ ಅದರ ಡಿಸೈನರ್, ಅಲ್ಲಿ ಕತ್ತಿ ಇಲ್ಲ, ಶತ್ರುಗಳ ತಲೆ ಮೇಲೆ ಹಾರೋದು, ಸೇಬು ಎಸೆಯೋದು, ಅಷ್ಟೆ. ಲೆವೆಲ್ ಬೇರೆ, ನಡಿಗೆ ಬೇರೆ, ಎಲ್ಲಾ ಬೇರೆ. ಯಾವುದು ಚೆನ್ನಾಗಿದೆ ಅಂತ ಇವತ್ತಿಗೂ ಜಗಳ ಆಡ್ತಾರೆ, ನನ್ನ ಕೇಳಿದ್ರೆ ನೋಡೋಕೆ ಸೆಗಾದು, ಹಾರೋಕೆ ಕ್ಯಾಪ್‌ಕಾಂದು.

ನಿಜವಾಗ್ಲೂ ಒಂದೇ ಗೇಮ್ ಎರಡೂ ಕಡೆ ಇದ್ದಾಗ ಗಮನಿಸಬೇಕಾದ್ದು ಪರದೆ ಅಗಲ. ಸೂಪರ್ ನಿಂಟೆಂಡೋ ಸಾಮಾನ್ಯವಾಗಿ ತೋರ್ಸೋದು ಅಡ್ಡಕ್ಕೆ 256 ಚುಕ್ಕೆ, ಮೆಗಾ ಡ್ರೈವಲ್ಲಿ ಬಹಳಷ್ಟು ಗೇಮ್ 320. ಟಿವಿ ಅದೇ ಸೈಜು, ಆದ್ರೆ ಗೊಂಬೆ ಗಾತ್ರ ಹಾಗೇ ಇಟ್ಟು ಪೋರ್ಟ್ ಮಾಡಿದ್ರೆ ಸೂಪರ್ ನಿಂಟೆಂಡೋದಲ್ಲಿ ನಿಮಗೆ ಮುಂದೇನಿದೆ ಅನ್ನೋದು ಐದರಲ್ಲಿ ಒಂದು ಪಾಲು ಕಮ್ಮಿ ಕಾಣತ್ತೆ. ಬಲಗಡೆಯಿಂದ ಬರೋ ಶತ್ರು ಅಷ್ಟು ಹತ್ರ ಬಂದ ಮೇಲೇ ಗೊತ್ತಾಗೋದು. ಬಣ್ಣದಲ್ಲಿ ಸೂಪರ್ ನಿಂಟೆಂಡೋನೇ ಶ್ರೀಮಂತ, ಒಟ್ಟಿಗೆ 256 ಬಣ್ಣ ತೋರಿಸ್ಬಹುದು, ಮೆಗಾ ಡ್ರೈವ್ 64. 1994ರ ಅರ್ಥ್‌ವರ್ಮ್ ಜಿಮ್ ಹುಟ್ಟಿದ್ದು ಸೆಗಾ ಮೇಲೆ, ಸೂಪರ್ ನಿಂಟೆಂಡೋ ವರ್ಷನ್ನಲ್ಲಿ ಹಿನ್ನೆಲೆ ಬಣ್ಣ ಚೆಂದ, ಆದ್ರೆ ಒಂದು ಲೆವೆಲ್ಲೇ ಇಲ್ಲ. ನಾನು ಸೆಗಾ ಕಡೆ. ಮುಂದೆ ಕಾಣದೇ ಹಾರೋದು ನನ್ನ ಕೈಲಾಗಲ್ಲ.

ರೇಮನ್ 2 ಬಗ್ಗೆ ಒಂದು ಮಾತು ಹೇಳದೇ ಇರೋಕಾಗಲ್ಲ, ಇಷ್ಟು ಕನ್ಸೋಲ್ ಸುತ್ತಿದ ಪ್ಲಾಟ್‌ಫಾರ್ಮರ್ ಕಮ್ಮಿ. 1999ರಲ್ಲಿ ನಿಂಟೆಂಡೋ 64 ಮತ್ತೆ ಕಂಪ್ಯೂಟರಿಗೆ ಬಂತು, ನಾವು ಕ್ಯಾಸೆಟ್ ಅಂತ ಕರೀತಿದ್ವಲ್ಲ ಅಂಥದ್ದರಲ್ಲಿ ಬಂದಿದ್ದರಿಂದ ನಿಂಟೆಂಡೋ 64ನಲ್ಲಿ ಲೋಡಿಂಗ್ ಕಾಟ ಇಲ್ಲ, ಚಿತ್ರ ಸ್ವಲ್ಪ ಮಂಜು ಮಂಜು. ಸೆಗಾದ ಡ್ರೀಮ್‌ಕಾಸ್ಟ್ ಕನ್ಸೋಲ್ ವರ್ಷನ್ ಕನ್ನಡಿ ಒರೆಸಿದ ಹಾಗೆ ಸ್ವಚ್ಛ, ಬಹಳ ಜನ ಅದನ್ನೇ ಮೇಲು ಅಂತಾರೆ, ನಾನೂ ಅಂತೀನಿ. ಮೊದಲ ಪ್ಲೇಸ್ಟೇಷನ್ನಿಗೆ ಕತ್ತರಿಸಿ ಹೊಲೆದು ತುಂಬಿದ್ರು, ಕೆಲವು ಭಾಗ ಹೋಗಿದೆ. ಪಿಎಸ್2ಗೆ ಬಂದಿದ್ದು ರೆವಲ್ಯೂಷನ್ ಅನ್ನೋ ಹೆಸರಲ್ಲಿ, ಲೆವೆಲ್‌ಗಳ ಮಧ್ಯೆ ಓಡಾಡೋಕೆ ಹೊಸ ಜಾಗಗಳನ್ನ ಸೇರಿಸಿ ಹೆಚ್ಚುಕಮ್ಮಿ ಬೇರೆ ಗೇಮೇ ಮಾಡಿದ್ರು. ಅದನ್ನ ಎರಡನೇ ಸಲ ಆಡೋಕೆ ಇಟ್ಕೊಳ್ಳಿ.

ಇಷ್ಟೆಲ್ಲ ಹೇಳಿ ನಮ್ಮೂರಿನ ಸಮಸ್ಯೆ ಹೇಳದಿದ್ರೆ ಹೇಗೆ. ನಮ್ಮ ಕಡೆ ಗೇಮ್‌ಕ್ಯೂಬೂ ಮೊದಲನೇ ಎಕ್ಸ್‌ಬಾಕ್ಸೂ ಅಂಗಡೀಲಿ ಕಂಡಿದ್ದೇ ಅಪರೂಪ, ಮನೆಮನೆಗೆ ಬಂದಿದ್ದು ಪಿಎಸ್2. ಇಲ್ಲಿ ಕಂಪ್ನಿಯಿಂದ ಅಧಿಕೃತವಾಗಿ ಬಂದ ಡಿಸ್ಕುಗಳು ಯುರೋಪಿನ ಪಾಲ್ ಪದ್ಧತಿಯವು. ಪಾಲ್ ಟಿವಿ ಸೆಕೆಂಡಿಗೆ 50 ಸಲ ಚಿತ್ರ ಬದಲಾಯಿಸತ್ತೆ, ಅಮೆರಿಕ-ಜಪಾನಿನ ಎನ್‌ಟಿಎಸ್‌ಸಿ 60 ಸಲ. 60ಕ್ಕೆ ಅಂತ ಮಾಡಿದ ಗೇಮನ್ನ ತಿದ್ದದೇ 50ರಲ್ಲಿ ಓಡಿಸಿದ್ರೆ ಗೇಮೇ ಆರನೇ ಒಂದು ಪಾಲು ನಿಧಾನ ಆಗತ್ತೆ. ಮೆಗಾ ಡ್ರೈವ್ ಕಾಲದ ಮೊದಲನೇ ಸೋನಿಕ್ ಯುರೋಪಲ್ಲಿ ಹಾಗೇ ಓಡ್ತಿತ್ತು, ಜಗತ್ತಿನ ಅತಿ ವೇಗದ ಮುಳ್ಳುಹಂದಿ ಅಲ್ಲಿ ಊಟ ಆಗಿ ಬಂದ ಹಾಗೆ, ಹಾಡು ಕೂಡ ಎಳೆದು ಎಳೆದು. ಪಿಎಸ್2 ಕಾಲಕ್ಕೆ ಪರಿಸ್ಥಿತಿ ಸುಧಾರಿಸ್ತು, ಕೆಲವು ಪಾಲ್ ಡಿಸ್ಕುಗಳು ಶುರುವಲ್ಲೇ 50 ಬೇಕಾ 60 ಬೇಕಾ ಅಂತ ಕೇಳ್ತವೆ. ಕಣ್ಣು ಮುಚ್ಕೊಂಡು 60 ಒತ್ತಿ. ಎಕ್ಸ್‌ಬಾಕ್ಸ್ ತಗೊಳ್ಳೋದಾದ್ರೆ ಅಮೆರಿಕದ ಮಷಿನ್ ಹುಡುಕಿ, ಯುರೋಪಿನದ್ದರಲ್ಲಿ 480ಪಿ ಅನ್ನೋ ಸ್ವಚ್ಛ ಚಿತ್ರದ ಆಯ್ಕೇನೇ ಮುಚ್ಚಿಟ್ಟಿದಾರೆ.

ಟಿವಿ ಬಗ್ಗೆ ನೆನಪಾಯ್ತು. ಕನ್ಸೋಲ್, ಡಿಸ್ಕ್, ಕಂಟ್ರೋಲರ್ ಎಲ್ಲಾ ಅಳೆದು ತೂಗಿ ತಂದು, ಕೊನೆಗೆ ಹಳದಿ ಕೆಂಪು ಬಿಳಿ ವೈರನ್ನ ಗೋಡೆ ಮೇಲಿನ 55 ಇಂಚಿಗೆ ಚುಚ್ಚಿದ್ರೆ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಹಳೇ ಕನ್ಸೋಲ್ ಚಿತ್ರವನ್ನ ಒಂದು ಸಾಲು ಬಿಟ್ಟು ಒಂದು ಸಾಲು ಕಳಿಸತ್ತೆ, ಹೊಸ ಟಿವಿ ಅದನ್ನ ಜೋಡಿಸಿ, ಹಿಗ್ಗಿಸಿ, ನುಣುಪು ಮಾಡಿ ತೋರ್ಸೋಷ್ಟರಲ್ಲಿ ಕೆಲವು ಫ್ರೇಮ್ ಕಳೆದಿರತ್ತೆ, 30 ಮತ್ತೆ 60ರ ಮಧ್ಯೆ ನಾವು ಅಷ್ಟು ಹೊತ್ತು ಜಗಳ ಆಡಿದ್ದು ಎಷ್ಟಕ್ಕೋ ಅಷ್ಟೂ ಅಲ್ಲೇ ಹೋಯ್ತು. ಟಿವೀಲಿ ಗೇಮ್ ಮೋಡ್ ಹಾಕಿ, ಆಗೋದಾದ್ರೆ ಚಿತ್ರಾನ ಮೂರು ವೈರಲ್ಲಿ ಹಂಚಿ ಕಳಿಸೋ ಕಾಂಪೊನೆಂಟ್ ಕೇಬಲ್ ತಗೊಳ್ಳಿ, ದುಡ್ಡಿದ್ರೆ ಈ ಕೆಲಸಕ್ಕೇ ಅಂತ ಮಾಡಿದ ರೆಟ್ರೋಟಿಂಕ್ ಥರದ ಸ್ಕೇಲರ್ ಬರತ್ತೆ. ಜಾಗ ಇದ್ರೆ ಡಬ್ಬಾ ಟಿವೀನೇ ರಾಜ. ನಮ್ಮತ್ತೆ ಮನೇಲಿ ಅಟ್ಟದ ಮೇಲೆ ಒಂದಿತ್ತು, ಗುಜರಿಯವನಿಗೆ ಕೊಟ್ಬಿಟ್ರು, ನನಗೆ ಇನ್ನೂ ಹೊಟ್ಟೆ ಉರಿ.

ಗೇಮ್‌ಕ್ಯೂಬ್ ಬೇಕು ಆದ್ರೆ ಸಿಗ್ತಿಲ್ಲ ಅನ್ನೋರಿಗೆ ಒಂದು ಒಳದಾರಿ ಇದೆ, ನಿಂಟೆಂಡೋದ ಆಮೇಲಿನ ಕನ್ಸೋಲ್ ವೀ. 2006ರಲ್ಲಿ ಬಂದ ಮೊದಲನೇ ಮಾಡೆಲ್ ವೀ ಒಳಗೆ ಗೇಮ್‌ಕ್ಯೂಬ್ ಡಿಸ್ಕ್ ಹಾಗೇ ಓಡತ್ತೆ, ಒಂದು ಮುಚ್ಚಳ ತೆಗೆದ್ರೆ ಗೇಮ್‌ಕ್ಯೂಬ್ ಕಂಟ್ರೋಲರ್ ಚುಚ್ಚೋ ನಾಲ್ಕು ತೂತು, ಮೆಮೊರಿ ಕಾರ್ಡ್ ಜಾಗ ಎಲ್ಲಾ ಇದೆ. ಕಾಂಪೊನೆಂಟ್ ಕೇಬಲ್ಲೂ ಅಗ್ಗ. ನಿಜವಾದ ಗೇಮ್‌ಕ್ಯೂಬಿನ ಕಾಂಪೊನೆಂಟ್ ಕೇಬಲ್ ಒಳಗೆ ಒಂದು ಚಿಪ್ಪು ಇರೋದ್ರಿಂದ ಅದರ ಬೆಲೆ ಕೇಳಿದ್ರೆ ಎದೆ ಒಡೆಯತ್ತೆ, ಅದು ಚುಚ್ಚೋ ಜಾಗಾನೂ ಆಮೇಲಿನ ಮಾಡೆಲ್‌ಗಳಲ್ಲಿ ತೆಗೆದುಹಾಕಿದ್ರು. ಆದ್ರೆ ವೀ ತಗೊಳ್ಳುವಾಗ ಆ ಮುಚ್ಚಳ ಇದ್ಯಾ ನೋಡಿ, 2011ರಿಂದ ಬಂದ ವೀಗಳಲ್ಲಿ ಗೇಮ್‌ಕ್ಯೂಬ್ ಸೌಲಭ್ಯಾನೇ ಇಲ್ಲ. ಎಕ್ಸ್‌ಬಾಕ್ಸ್ ಸಿಕ್ರೆ ಮೊದಲು ಬಿಚ್ಚಿಸಿ, ಗಡಿಯಾರಕ್ಕೆ ಅಂತ ಇಟ್ಟಿರೋ ಒಂದು ಕೆಪಾಸಿಟರ್ ಸೋರಿ ಬೋರ್ಡನ್ನ ತಿಂದು ಹಾಕತ್ತೆ, ಕೊನೇ ರಿವಿಷನ್ ಬಿಟ್ಟು ಉಳಿದೆಲ್ಲದರಲ್ಲೂ ಅದನ್ನ ಕಿತ್ತು ಬಿಸಾಕಿದ್ರೇ ಕ್ಷೇಮ, ಹೆಚ್ಚಂದ್ರೆ ಟೈಮ್ ಮತ್ತೆ ಸೆಟ್ ಮಾಡ್ಬೇಕಾಗತ್ತೆ. ಪಿಎಸ್2ನಲ್ಲಿ ಹೋಗೋದು ಲೇಸರ್ರು.

ಹಳೇ ಕನ್ಸೋಲ್ ಗೇಮನ್ನ ಕಂಪ್ಯೂಟರಲ್ಲೇ ಓಡಿಸೋ ಎಮ್ಯುಲೇಟರ್ ಇದ್ಯಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳೋರಿಗೆ, ನಿಜ, ಚೆನ್ನಾಗೇ ಇವೆ. ಆದ್ರೆ ನಾನು ದಿನಪೂರ್ತಿ ಕಂಪ್ಯೂಟರ್ ಮುಂದೇನೇ ಕೂರೋನು.

ನನ್ನ ಮನೇಲಿ ಈಗ ಇರೋದು ಒಂದು ಪಿಎಸ್2, ಒಂದು ಹಳೇ ವೀ. ಮೂರೂ ಕಡೆ ಇರೋ 3ಡಿ ಗೇಮ್ ಆದ್ರೆ ವೀನಲ್ಲಿ ಗೇಮ್‌ಕ್ಯೂಬ್ ಡಿಸ್ಕು, 2ಡಿ ಕಲೆಕ್ಷನ್‌ಗಳು ಪಿಎಸ್2ನಲ್ಲಿ, ಎಕ್ಸ್‌ಬಾಕ್ಸ್ ಯಾವತ್ತಾದ್ರೂ ಸಿಕ್ರೆ ಸೈಕೋನಾಟ್ಸಿಗೆ ಅಂತ ತಗೋತೀನಿ. ಆ ವೀ ತಗೊಂಡಿದ್ದು ಸೆಕೆಂಡ್‌ಹ್ಯಾಂಡ್ ಅಂಗಡೀಲಿ, ನನ್ನದೇ ಡಿಸ್ಕ್ ತಗೊಂಡು ಹೋಗಿದ್ದೆ, ನೀವೂ ಹಾಗೇ ಮಾಡಿ. ಹಾಕಿ, ಮೊದಲನೇ ಲೆವೆಲ್ ಶುರು ಮಾಡಿ, ನಿಂತಲ್ಲೇ ಹತ್ತು ಸಲ ಹಾರಿಸಿ, ಬೆರಳಿಗೂ ಕಾಲಿಗೂ ತಾಳ ಕೂಡತ್ತಾ ನೋಡಿ. ಆಮೇಲೆ ಬೇಕಂತಲೇ ಓಡಿಹೋಗಿ ಹಳ್ಳಕ್ಕೆ ಬಿದ್ದು, ಮತ್ತೆ ನಿಲ್ಲೋ ತನಕ ಒಂದು ಎರಡು ಮೂರು ಅಂತ ಎಣಿಸಿ. ನಾನು ಹೀಗೆ ನಾಲ್ಕನೇ ಸಲ ಬಿದ್ದಾಗ ಅಂಗಡಿಯವರು ಪಾಪ ನೋಡೋಕಾಗದೇ ಕೈ ಚಾಚಿದ್ರು, "ಕೊಡಿ ಸರ್ ಇಲ್ಲಿ, ಹೆಂಗೆ ಹಾರೋದು ಅಂತ ನಾನು ತೋರಿಸ್ತೀನಿ."